ಇಪ್ಪತ್ತೊಂದರ ಪರೀಕ್ಷೆ

ಗೋಕಾಕ ಸೀಮೆಯ ಮಮದಾಪುರದಲ್ಲಿ ಯಾವುದೇ ಕಬ್ಬಿನ ಹೊಲದಿಂದ ಒಂದು ಗ್ರಾಂ ಮಣ್ಣು ತೆಗೆಯಿರಿ, ಅದರಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಬಹುಪಾಲು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಅದಕ್ಕೇ ಈಗ ಅವುಗಳ ಡಿಎನ್‌ಎಯನ್ನೇ ಓದುತ್ತಾರೆ. ಓದಿಗೆ ಒದಗುವುದು 16ಎಸ್ ಎಂಬ ಜೀನ್, ಸುಮಾರು 1,500 ಅಕ್ಷರಗಳ ಉದ್ದ. ಅದು ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಉಂಟು, ಅದರ ಕೆಲವು ತುಣುಕುಗಳು ಮಾತ್ರ ಬಗೆಯಿಂದ ಬಗೆಗೆ ಬೇರೆ.

ಡಿಎನ್‌ಎ ಓದುವ ಯಂತ್ರ ಕೊಡುವುದು ಎ, ಸಿ, ಜಿ, ಟಿಗಳ ಲಕ್ಷಾಂತರ ಸಾಲು. ಅದರಿಂದ ಮಣ್ಣಿನೊಳಗೆ ಯಾರ್‍ಯಾರಿದ್ದಾರೆ ಎಂದು ಹೇಳುವ ಕಸುಬನ್ನು ಈಗ ಪದವಿ ತರಗತಿಯಲ್ಲೇ ಕಲಿಸಬಹುದು. ಮಿಶಿಗನ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಶ್ಲಾಸ್ ಬಳಗದ ‘ಮದರ್’ ತಂತ್ರಾಂಶ 2009ರಿಂದಲೂ ಉಚಿತ. ‘ಗ್ಯಾಲಕ್ಸಿ’ ಜಾಲತಾಣದಲ್ಲಿ ಅದನ್ನು ಸಾದಾ ಕಂಪ್ಯೂಟರಿನಲ್ಲೇ ನಡೆಸಬಹುದು, ಲೆಕ್ಕದ ಭಾರ ಹೊರುವುದು ದೂರದ ಸರ್ವರ್.

ಶ್ಲಾಸ್ ಬಳಗದ ಅಭ್ಯಾಸ ಪಾಠದಲ್ಲಿ ಇಲಿಗಳ ಹಿಕ್ಕೆಯ ಮಾದರಿಗಳ ಜೊತೆಗೆ ಇನ್ನೊಂದು ಮಾದರಿ ಇದೆ. 21 ಬಗೆಯ ಬ್ಯಾಕ್ಟೀರಿಯಾಗಳ ಡಿಎನ್‌ಎಯನ್ನು ಬೇಕೆಂದೇ ಬೆರೆಸಿದ್ದು ಅದು. ಉತ್ತರ ಮೊದಲೇ ಗೊತ್ತು. ವಿದ್ಯಾರ್ಥಿಯ ಪಟ್ಟಿಯಲ್ಲಿ ನೂರಾರು ಹೆಸರು ಬಂದರೆ ಹೆಚ್ಚಿನವು ಯಂತ್ರದ ಓದಿನ ತಪ್ಪಿನಿಂದಲೋ, ಎರಡು ತುಣುಕು ಬೆಸೆದುಕೊಂಡಿದ್ದರಿಂದಲೋ ಹುಟ್ಟಿದವು. ನನ್ನನ್ನು ಕೇಳಿದರೆ ಪಾಠ ಶುರುವಾಗಬೇಕಾದದ್ದು ಇಲ್ಲಿಂದಲೇ. ಯಾವ ಬಗೆ ಎಷ್ಟಿದೆ ಎಂದು ತೋರಿಸುವ ಬಣ್ಣದ ನಕ್ಷೆ ತೆಗೆಯುವುದನ್ನು ಮೊದಲು ಕಲಿತ ಹುಡುಗರು ನಕ್ಷೆಯನ್ನು ನಂಬಿಬಿಡುತ್ತಾರೆ.

ಇನ್ನೊಂದು ತೊಡಕು ಅದಕ್ಕಿಂತ ಗೂಢ. ಯಂತ್ರ ಒಟ್ಟು ಸಂಖ್ಯೆ ಹೇಳುವುದಿಲ್ಲ, ಪಾಲು ಮಾತ್ರ ಹೇಳುತ್ತದೆ. ತಿಪ್ಪೆಗೊಬ್ಬರ ಹಾಕಿದ ಮೇಲೆ ಒಂದು ಗುಂಪು ದುಪ್ಪಟ್ಟಾದರೆ, ಇದ್ದಷ್ಟೇ ಇರುವ ಉಳಿದವು ನಕ್ಷೆಯಲ್ಲಿ ಇಳಿದಂತೆ ಕಾಣುತ್ತವೆ. ‘ಗೊಬ್ಬರ ಅವನ್ನು ಕೊಂದಿತು’ ಎಂದು ವರದಿ ಬರೆಯಲು ಅಷ್ಟೇ ಸಾಕು! ಡಿಎನ್‌ಎ ತೆಗೆಯುವ ಕಿಟ್‌ನಲ್ಲೇ ಅಂಟಿಕೊಂಡು ಬರುವ ಬ್ಯಾಕ್ಟೀರಿಯಾಗಳ ಕಾಟವೂ ಉಂಟು. ಅದಕ್ಕೆಂದೇ ಮಣ್ಣೇ ಇಲ್ಲದ ಖಾಲಿ ನಳಿಕೆಯನ್ನೂ ಜೊತೆಗೆ ಓದಿಸಬೇಕು.

ಈ ಪಾಠಕ್ಕೆ ತಕ್ಕ ಹುಡುಗರು ದೂರದಲ್ಲಿಲ್ಲ. ಗೋಕಾಕ ಸೀಮೆಯ ಅರಭಾವಿಯಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಕಿತ್ತೂರು ರಾಣಿ ಚನ್ನಮ್ಮ ಕಾಲೇಜಿದೆ. ಮಣ್ಣಿನ ಮಾದರಿ ತೆಗೆಯುವುದನ್ನು ಅಂಥ ಕಾಲೇಜಿನ ಹುಡುಗರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಎಷ್ಟು ಆಳದ ಮಣ್ಣು, ನೀರು ಬಿಟ್ಟು ಎಷ್ಟು ದಿನವಾಯಿತು, ಹೊಸ ನಾಟಿಯೋ ಕೂಳೆಯೋ ಎಂದು ಬರೆದಿಡುವುದು ಅವರಿಗೆ ರೂಢಿಯ ಕೆಲಸ. ಗ್ಯಾಲಕ್ಸಿಯಲ್ಲಿ ಎಷ್ಟೇ ಗುಂಡಿ ಒತ್ತಿದರೂ ಸಿಗದ ಮಾಹಿತಿ ಅದು.