ಬಾಯಿಯ ಅರ್ಬುದ: ವೃದ್ಧರಿಗೆ ವಿಕಿರಣವೆಷ್ಟು?

ದಾವಣಗೆರೆಯ ಜಿಲ್ಲೆಯಲ್ಲಿ, ಅದರಲ್ಲಿಯೂ ಚನ್ನಗಿರಿಯ ಸೀಮೆಯಲ್ಲಿ, ಅಡಿಕೆಯ ತೋಟಗಳಿಗೆ ಕೊರತೆಯಿಲ್ಲ; ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ದವಡೆಯಲ್ಲಿ ಒತ್ತಿಕೊಳ್ಳುವ ಹಿರಿಯರಿಗೂ ಕೊರತೆಯಿಲ್ಲ. ಅಡಿಕೆ, ಹೊಗೆಸೊಪ್ಪು ಎರಡೂ ಬಾಯಿಯ ಅರ್ಬುದವನ್ನು, ಎಂದರೆ ಕ್ಯಾನ್ಸರನ್ನು, ಉಂಟುಮಾಡಬಲ್ಲುವೆಂಬುದು ಸ್ಥಿರಪಟ್ಟ ವಿಷಯ. ಮೊದಮೊದಲು ನೋವು ಕಡಮೆಯಾದ್ದರಿಂದ ರೋಗವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಅದು ದವಡೆಯ ಎಲುಬಿಗೂ ಕತ್ತಿನ ಗಂಟುಗಳಿಗೂ ಇಳಿದ ಮೇಲೆ ವೈದ್ಯರ ನೆನಪಾಗುತ್ತದೆ.

ಹರಿಹರದಲ್ಲಿ ಇಂತಹ ವೃದ್ಧರೊಬ್ಬರಿದ್ದಾರೆಂದು ಊಹಿಸಿಕೊಳ್ಳೋಣ. ವಯಸ್ಸು ಎಪ್ಪತ್ತನಾಲ್ಕು, ಮಧುಮೇಹವುಂಟು, ಹೃದಯ ದುರ್ಬಲ, ಮೂತ್ರಪಿಂಡಗಳು ಸೋತಿವೆ. ಈ ರೋಗಕ್ಕೆ ಶಸ್ತ್ರಚಿಕಿತ್ಸೆಯೇ ಮೊದಲ ಉಪಾಯವಾದರೂ ದೀರ್ಘಕಾಲದ ಅರಿವಳಿಕೆಯನ್ನು ಅವರ ಹೃದಯ ತಾಳಲಾರದು. ಉಳಿದುದು ವಿಕಿರಣ. ಅದನ್ನು ಎಷ್ಟು ಕೊಡಬೇಕು?

ವಿಕಿರಣವನ್ನು ಅಳೆಯುವ ಮಾನಕ್ಕೆ ಗ್ರೇ ಎಂದು ಹೆಸರು. ಒಂದು ಕಿಲೋಗ್ರಾಂ ಅಂಗಾಂಶವು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದೇ ಒಂದು ಗ್ರೇ. ರೋಗವನ್ನು ನಿರ್ಮೂಲಮಾಡಲು ಸುಮಾರು 70 ಗ್ರೇ ಬೇಕಾಗುತ್ತದೆ. ವಿದ್ಯಾರ್ಥಿಗಳು ಇಲ್ಲಿ ಲೆಕ್ಕಹಾಕಿ ನೋಡಬಹುದು: ಅಷ್ಟು ಶಕ್ತಿಯು ನೀರಿನ ಉಷ್ಣತೆಯನ್ನು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಮಾತ್ರ ಏರಿಸೀತು. ಒಂದು ಗುಟುಕು ಬಿಸಿ ಕಾಫಿಯೇ ಇದಕ್ಕಿಂತ ಹೆಚ್ಚು ಶಾಖವನ್ನು ಬಾಯಿಗೆ ಕೊಡುತ್ತದೆ! ಆದರೆ ಕಾಫಿಯ ಶಾಖ ಎಲ್ಲ ಕಡೆಗೂ ಹರಡಿಹೋಗುವಂಥದು. ಕ್ಷ-ಕಿರಣದ ಶಕ್ತಿಯಾದರೋ ಒಂದೊಂದು ಅಣುವಿನ ಮೇಲೆ ಇಡಿಯಾಗಿ ಬಿದ್ದು, ಎಲೆಕ್ಟ್ರಾನುಗಳನ್ನು ಕಿತ್ತು, ಜೀವಕೋಶದ ಡಿಎನ್‌ಎ ಎಳೆಗಳನ್ನು ಕತ್ತರಿಸುತ್ತದೆ. ಕೊಲ್ಲುವುದು ಶಾಖವಲ್ಲ, ಈ ಕತ್ತರಿ.

ಕತ್ತರಿಗೆ ರೋಗದ ಕೋಶ, ಒಳ್ಳೆಯ ಕೋಶ ಎಂಬ ಭೇದವಿಲ್ಲ. ಒಳ್ಳೆಯ ಕೋಶಗಳು ಆರೇಳು ಗಂಟೆಗಳೊಳಗೆ ತಮ್ಮ ಗಾಯವನ್ನು ಬಹುಪಾಲು ಹೊಲಿದುಕೊಳ್ಳುತ್ತವೆ. ಅರ್ಬುದದ ಕೋಶಗಳಿಗೆ ಆ ಜಾಣ್ಮೆ ಕಡಮೆ. ಆದುದರಿಂದಲೇ 70 ಗ್ರೇಯನ್ನು ದಿನಕ್ಕೆ 2ರಂತೆ, ವಾರಕ್ಕೆ ಐದು ದಿನ, ಏಳು ವಾರಗಳಲ್ಲಿ ಹಂಚಿ ಕೊಡುತ್ತಾರೆ.

ಮುದುಕರಿಗೆ ಕಷ್ಟ ಬರುವುದು ಈ ಏಳು ವಾರಗಳಲ್ಲಿಯೇ. ಮೂರನೆಯ ವಾರಕ್ಕೆ ಬಾಯೆಲ್ಲ ಹುಣ್ಣು, ಗಂಜಿಯೂ ಇಳಿಯದು. ಊಟವಿಲ್ಲದೆ ಇನ್ಸುಲಿನ್ ಚುಚ್ಚಿಕೊಂಡರೆ ರಕ್ತದ ಸಕ್ಕರೆ ಕುಸಿಯುತ್ತದೆ. ವಿಕಿರಣಕ್ಕೆ ಬಲಕೊಡುವ ಸಿಸ್‌ಪ್ಲಾಟಿನ್ ಮದ್ದಿನಿಂದ ಮೂತ್ರಪಿಂಡವನ್ನು ಕಾಪಾಡಲು ದೇಹಕ್ಕೆ ಬಹಳ ದ್ರವವನ್ನು ಹರಿಸಬೇಕು. ಆ ದ್ರವದ ಹೊರೆಯನ್ನು ಹೃದಯ ತಾಳಲಾರದು. ಅಲ್ಲದೆ, ಎಪ್ಪತ್ತು ದಾಟಿದವರಲ್ಲಿ ಈ ಮದ್ದಿನ ಹೆಚ್ಚುವರಿ ಪ್ರಯೋಜನ ಕಾಣದಷ್ಟು ಕ್ಷೀಣ. ಸಿಸ್‌ಪ್ಲಾಟಿನ್ ಒಗ್ಗದವರಿಗೆ ಡೋಸಿಟ್ಯಾಕ್ಸೆಲನ್ನು ವಾರಕ್ಕೊಮ್ಮೆ ಕೊಟ್ಟು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 2023ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎರಡು ವರ್ಷ ಬದುಕುಳಿದವರು ನೂರಕ್ಕೆ ಸುಮಾರು 42 ಇದ್ದುದು 51ಕ್ಕೆ ಏರಿತು, ಬಾಯಿಹುಣ್ಣೂ ಏರಿತು.

ಇದೂ ಆಗದವರಿಗೆ ಬೇರೊಂದು ಲೆಕ್ಕವುಂಟು. ಬೆಳಗ್ಗೆ ಸಂಜೆ 3.5 ಗ್ರೇಯಂತೆ ಎರಡೇ ದಿನಗಳಲ್ಲಿ 14 ಗ್ರೇ. ಮೂರು ನಾಲ್ಕು ವಾರ ಬಿಟ್ಟು, ತಾಳಿದರೆ ಮತ್ತೊಮ್ಮೆ. ರೋಗ ಬೇರುಸಹಿತ ಹೋಗದು. ನೋವು, ರಕ್ತಸ್ರಾವ ತಗ್ಗಬಹುದು. ಇದನ್ನು ಸೋಲೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ.

ಆಯ್ಕೆಗೆ ವಯಸ್ಸೊಂದೇ ಅಳತೆಗೋಲಲ್ಲ. ಎಂಬತ್ತರಲ್ಲಿಯೂ ಹೊಲಕ್ಕೆ ನಡೆದು ಬರುವವರುಂಟು, ಅರವತ್ತೈದಕ್ಕೇ ಹಾಸಿಗೆ ಹಿಡಿದವರುಂಟು. ನಡೆಯಬಲ್ಲರೆ, ತೂಕ ಎಷ್ಟು ಇಳಿದಿದೆ, ಮನೆಯಲ್ಲಿ ನೋಡಿಕೊಳ್ಳುವವರು ಯಾರು ಎಂಬುದನ್ನೆಲ್ಲ ವೈದ್ಯರು ವಿಚಾರಿಸಬೇಕು. ದಾರಿಯ ಲೆಕ್ಕವೂ ಸಣ್ಣದಲ್ಲ. ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರು, ದಿನವೂ ಹೋಗಿಬರಬಹುದು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಾದರೆ ಏಳು ವಾರ ಅಲ್ಲಿಯೇ ತಂಗಬೇಕು, ಮಗನೊಬ್ಬ ಕೆಲಸ ಬಿಟ್ಟು ಜೊತೆಗಿರಬೇಕು.

ನಮ್ಮ ಮನೆಗಳಲ್ಲಿ ರೋಗದ ಹೆಸರನ್ನು ಹಿರಿಯರಿಂದ ಮುಚ್ಚಿಟ್ಟು ಮಕ್ಕಳೇ ಎಲ್ಲವನ್ನೂ ತೀರ್ಮಾನಿಸುವುದು ವಾಡಿಕೆ. ಮೂವತ್ತೈದು ದಿನವೋ ಎರಡು ದಿನವೋ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕಾದುದು ಆ ವೃದ್ಧರನ್ನೇ.