ಬಯಲಿನ ಹಾಡಿಗೆ ಕಾಯುವ ಹುಡುಗರು



ಮಾರಿಯಮ್ಮನ ಹಬ್ಬಕ್ಕೆ ಕಂಬ ನೆಟ್ಟರೆಂದರೆ ನಮ್ಮ ಹುಡುಗರ ಕಾಲು ನಿಂತಲ್ಲಿ ನಿಲ್ಲುವುದಿಲ್ಲ. ರಾತ್ರಿ ಮೇಳದ ಸದ್ದು ಕೇಳಿದ್ದೇ ತಡ, ಊಟವನ್ನು ಅರ್ಧಕ್ಕೆ ಬಿಟ್ಟು ಕಂಬದ ಸುತ್ತ ಕುಣಿಯಲು ಓಡುತ್ತಾರೆ. ಪೊಳ್ಳಾಚಿ, ಉಡುಮಲೈ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಹುಡುಗನೊಬ್ಬ, ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗುವವನು, "ಅಪ್ಪಾ, ಗೋವಾದಲ್ಲಿ ರೆಗೇ ಹಬ್ಬ ನೋಡಬೇಕು, ದುಡ್ಡು ಕೂಡಿಡುತ್ತಿದ್ದೇನೆ" ಎಂದರೆ ನೀವು ಏನನ್ನುತ್ತೀರಿ? "ಅದೇನಪ್ಪಾ ಅದು?" ಎಂದು ಕೇಳುತ್ತೀರಿ. ಇವತ್ತು ಅದನ್ನೇ ತಿಳಿಯೋಣ.

ರೆಗೇ ಹುಟ್ಟಿದ್ದು ವೆಸ್ಟ್ ಇಂಡೀಸಿನ ಜಮೈಕಾದಲ್ಲಿ. ಕ್ರಿಕೆಟ್ ಬಲ್ಲವರಿಗೆ ಅದು ಹೋಲ್ಡಿಂಗ್, ವಾಲ್ಷ್ ಅವರ ನಾಡು. 1950ರ ದಶಕದಲ್ಲಿ ಅಲ್ಲಿನ ಬಡವರ ಮನೆಯಲ್ಲಿ ಹಾಡು ಕೇಳುವ ಯಂತ್ರ ಅಪರೂಪವಾಗಿತ್ತು. ಆಗ ಕೆಲವರು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಬಯಲಲ್ಲಿ ಜೋಡಿಸಿ, ರೆಕಾರ್ಡು ಹಾಕಿ ಜನರನ್ನು ಕುಣಿಸತೊಡಗಿದರು. ಇದಕ್ಕೆ ಸೌಂಡ್ ಸಿಸ್ಟಮ್ ಎಂದು ಹೆಸರು. ನಮ್ಮ ಮೈಕ್ ಸೆಟ್ಟಿನ ಅಣ್ಣ ಎನ್ನಿ. 1960ರ ದಶಕದ ಕೊನೆಗೆ ಅಲ್ಲಿ ರೆಗೇ ರೂಪುಗೊಂಡಿತು. 1981ರಲ್ಲಿ, 36ರ ವಯಸ್ಸಿನಲ್ಲೇ ತೀರಿಕೊಂಡ ಬಾಬ್ ಮಾರ್ಲಿ ಅದನ್ನು ಲೋಕಕ್ಕೆಲ್ಲ ಕೇಳಿಸಿದರು.

ಇದರ ಲಯವನ್ನು ಕೂತಲ್ಲೇ ತಟ್ಟಿ ನೋಡಿ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ. ನಮ್ಮ ತಾಳದಲ್ಲಿ ಮೊದಲ ಪೆಟ್ಟಿಗೇ ಮರ್ಯಾದೆ. ರೆಗೇಯ ಒಂದು ಮುಖ್ಯ ಲಯದಲ್ಲಿ 'ಒಂದು' ಖಾಲಿ, ಕೈ ಸುಮ್ಮನಿರಬೇಕು. ಎರಡಕ್ಕೂ ನಾಲ್ಕಕ್ಕೂ ಗಿಟಾರ್ ಚುಟುಕಾಗಿ ಮಿಡಿಯುತ್ತದೆ. ಮೂರಕ್ಕೆ ದೊಡ್ಡ ಡ್ರಮ್ಮಿನ ಪೆಟ್ಟು. ಆ ಖಾಲಿ ಜಾಗವೇ ಮೈಯನ್ನು ತೂಗಿಸುತ್ತದೆ.

ಡ್ಯಾನ್ಸ್‌ಹಾಲ್ ಇದರ ತಮ್ಮ. 1970ರ ದಶಕದ ಕೊನೆಯಲ್ಲಿ ಬಂತು. ಹಾಡಿನ ಲಯ ಓಡುತ್ತಿರುವಾಗ ಒಬ್ಬ ಮೈಕ್ ಹಿಡಿದು ಪ್ರಾಸ ಕಟ್ಟಿ ಮಾತಾಡುತ್ತಾನೆ, ಕೆಣಕುತ್ತಾನೆ, ಕುಣಿಸುತ್ತಾನೆ. 1985ರ ಹೊತ್ತಿಗೆ ಚಿಕ್ಕ ಕ್ಯಾಸಿಯೋ ಕೀಬೋರ್ಡಿನಲ್ಲಿದ್ದ ಸಿದ್ಧ ಲಯವನ್ನೇ ಬಳಸಿ ಹಾಡು ಮಾಡಿ, ಇಡೀ ದ್ವೀಪವನ್ನು ಕುಣಿಸಿದರು.

ಈ ಹಾಡುಗಳ ಭಾಷೆ ಯಾವುದು? ಅಲ್ಲಿನವರ ಮನೆಮಾತು ಪಟ್ವಾ. ಗುಲಾಮರಾಗಿ ಬಂದ ಆಫ್ರಿಕನ್ನರ ಬಾಯಲ್ಲಿ ಬೆಳೆದದ್ದು. ಶಾಲೆಗೂ ಕಚೇರಿಗೂ ಇಂಗ್ಲಿಷ್. ಪಟ್ವಾವನ್ನು ಕೆಟ್ಟ ಇಂಗ್ಲಿಷ್ ಎಂದು ಹೀಗಳೆದವರೇ ಬಹಳ. ಆ ಮಾತೇ ಸ್ಪೀಕರಿನಲ್ಲಿ ಮೊಳಗಿತು. 2018ರಲ್ಲಿ ಯುನೆಸ್ಕೋ ರೆಗೇಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದು ನಮಗೂ ತಾಕುವ ಮಾತು. ನಮ್ಮ ನೇಕಾರರ ಮನೆಗಳಲ್ಲಿ ಮಗ್ಗದ ಮುಂದೆ ಕನ್ನಡ, ಬಸ್ಸು ಹತ್ತಿದರೆ ತಮಿಳು. ಎರಡೂ ನಮ್ಮವೇ. ಆದರೆ "ನಮ್ಮದು ಸರಿಯಾದ ಕನ್ನಡವಲ್ಲ" ಎಂದು ನಾವೇ ನಾಚುತ್ತೇವೆ. ಹಾಡು ಬಲ್ಲ ಅಜ್ಜಿ ಮೊಮ್ಮಕ್ಕಳ ಎದುರು ಬಾಯಿ ಮುಚ್ಚುತ್ತಾಳೆ.

ಜಮೈಕಾದಲ್ಲಿ 1978ರಲ್ಲಿ ರೆಗೇ ಸನ್‌ಸ್ಪ್ಲಾಶ್ ಎಂಬ ಬಯಲು ಹಬ್ಬ ಶುರುವಾಯಿತು. ನಮ್ಮ ದೇಶದಲ್ಲಿ 2016ರಲ್ಲಿ ಗೋವಾ ಸನ್‌ಸ್ಪ್ಲಾಶ್ ಆರಂಭವಾಯಿತು. ಹುಡುಗ ಹೋಗುವುದಾದರೆ, ಹಬ್ಬದ ದಿನ ಗೊತ್ತಾದ ಮೇಲೆಯೇ ರೈಲಿನ ಟಿಕೆಟ್ ತೆಗೆಯಲಿ. ಸ್ಪೀಕರಿಗೆ ಕಿವಿ ಕೊಟ್ಟು ನಿಲ್ಲದಿರಲಿ. ಕಿವಿ ಗುಂಯ್ ಎಂದರೆ ದೂರ ಸರಿಯಲಿ. ಕೂಡಿಟ್ಟದ್ದು ಅವನದೇ ದುಡಿಮೆ, ಬೈಯಬೇಡಿ.

ಒಂದೇ ಒಂದು ಕೆಲಸ ಹೇಳಿ. ಹೊರಡುವ ಮುಂಚೆ ಅಜ್ಜಿಯ ಪಕ್ಕ ಕೂತು, ಅವಳಿಗೆ ಬರುವ ಹಾಡೊಂದನ್ನು ಫೋನಿನಲ್ಲಿ ಹಿಡಿದಿಟ್ಟುಕೊಳ್ಳಲಿ. ಇನ್ನೊಬ್ಬರ ಮನೆಮಾತಿನ ಹಾಡಿಗೆ ಅಷ್ಟು ದೂರ ಹೋಗುವವನಿಗೆ, ತನ್ನ ಮನೆಯ ಹಾಡು ಪಕ್ಕದ ಕೋಣೆಯಷ್ಟೇ ದೂರ.