ಮನೆಯ ಕಂಪ್ಯೂಟರಿನಲ್ಲಿ ವೆಬ್‌ಸೈಟಿನ ತಾಲೀಮು

ಆಕಾಶವಾಣಿಯಿಂದ ನಾಟಕವೊಂದು ಪ್ರಸಾರವಾಗುವುದಕ್ಕೆ ಮೊದಲು ಅದಕ್ಕೆ ಎಷ್ಟು ತಾಲೀಮು ನಡೆದಿರುತ್ತದೆಂಬುದನ್ನು ಮನೆಯಲ್ಲಿ ಕುಳಿತು ಕೇಳುವ ನಾವು ಯೋಚಿಸುವುದಿಲ್ಲ. ಪಾತ್ರಧಾರಿ ತೊದಲಿದ್ದು, ಮಳೆಯ ಸದ್ದು ಮಾತನ್ನೇ ನುಂಗಿದ್ದು, ಕಾಗದ ಸರಸರ ಎಂದದ್ದು, ಎಲ್ಲವೂ ಸ್ಟುಡಿಯೋದ ಮುಚ್ಚಿದ ಬಾಗಿಲೊಳಗೇ ತೀರಿಹೋಗಿರುತ್ತವೆ. ಈಗ ಊರೂರಿನಲ್ಲಿಯೂ ಶಾಲೆಗೆ, ಸಹಕಾರ ಸಂಘಕ್ಕೆ, ದೇವಸ್ಥಾನದ ಸಮಿತಿಗೆ, ಹಳೆಯ ವಿದ್ಯಾರ್ಥಿಗಳ ಬಳಗಕ್ಕೆ ಒಂದೊಂದು ವೆಬ್‌ಸೈಟು ಹುಟ್ಟಿಕೊಳ್ಳುತ್ತಿದೆ. ಇವುಗಳಿಗೂ ಅಂಥದೊಂದು ಮುಚ್ಚಿದ ಕೊಠಡಿ ಬೇಕು. ಅದನ್ನು ಬಿಡಿಗಾಸು ಖರ್ಚಿಲ್ಲದೆ ಮನೆಯ ಕಂಪ್ಯೂಟರಿನಲ್ಲಿಯೇ ಕಟ್ಟಿಕೊಳ್ಳಬಹುದು. ಕನ್ನಡದಲ್ಲಿ ವೆಬ್‌ಸೈಟು ಮಾಡುವವರಿಗಂತೂ ಅದು ಬೇಕೇ ಬೇಕು. ಏಕೆಂದರೆ ಈ ಸಲಕರಣೆಗಳನ್ನು ಮಾಡಿದವರಲ್ಲಿ ಬಹುಮಂದಿ ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದವರು. ನಮ್ಮ ಒತ್ತಕ್ಷರಗಳನ್ನು ನಮಗಾಗಿ ಪರೀಕ್ಷಿಸಿ ಕೊಡುವವರು ಬೇರೆ ಯಾರೂ ಇಲ್ಲ.

ನನಗೆ ಪರಿಚಯವಿರುವ ಒಂದು ಪ್ರೌಢಶಾಲೆಯಲ್ಲಿ ಮಕ್ಕಳ ಕೈಬರಹದ ಪತ್ರಿಕೆಯ ಹಳೆಯ ಸಂಚಿಕೆಗಳನ್ನೆಲ್ಲ ಒಂದು ಬೇಸಗೆಯ ರಜೆಯಲ್ಲಿ ಟೈಪು ಮಾಡಿಸಿ ಶಾಲೆಯ ವೆಬ್‌ಸೈಟಿಗೆ ಏರಿಸಿದರು. ಟೈಪಾಯಿತಲ್ಲ ಎಂದು ಮೂಲದ ಹಾಳೆಗಳು ರದ್ದಿಗೆ ಹೋದವು. ಮರುವರ್ಷ ವೆಬ್‌ಸೈಟನ್ನು ಬೇರೊಂದು ಸರ್ವರಿಗೆ ಸಾಗಿಸುವ ಕೆಲಸ ಬಂತು. ತಾಲೀಮಿಲ್ಲದೆ ನೇರವಾಗಿ ಸಾಗಿಸಿದರು. ಬೆಳಗ್ಗೆ ನೋಡಿದರೆ ಪದ್ಯವೊಂದೊಂದೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿತ್ತು. ಹಳೆಯ ಪ್ರತಿಯನ್ನು ಅಳಿಸಿಯೂ ಆಗಿತ್ತು. ಮಕ್ಕಳು ಬರೆದದ್ದು ಮಹಾಕಾವ್ಯವಲ್ಲದಿರಬಹುದು. ಆದರೆ ಇನ್ನೊಮ್ಮೆ ಬರೆಸಲು ಆ ಮಕ್ಕಳು ಈಗ ಮಕ್ಕಳಾಗಿ ಉಳಿದಿಲ್ಲ.

ಈ ಅನಾಹುತದ ಕಾರಣವನ್ನು ಮುಂದೆ ನೋಡೋಣ. ಮೊದಲು ವೆಬ್‌ಸೈಟು ಎಂಬುದು ನಡೆಯುವ ಬಗೆಯನ್ನು ತಿಳಿಯಬೇಕು. ಇಲ್ಲಿ ಇರುವವರು ಇಬ್ಬರು: ಕೇಳುವವನು, ಕೊಡುವವನು. ನಮ್ಮ ಮುಂದಿನ ಬ್ರೌಸರು ಇಂಥ ಪುಟ ಬೇಕೆಂದು ಕೇಳುತ್ತದೆ. ದೂರದ ಸರ್ವರು ಅದನ್ನು ಕೊಡುತ್ತದೆ. ಸರ್ವರು ಎಂದೊಡನೆ ಗೋದಾಮಿನಂಥ ಕಟ್ಟಡವೂ ತಣ್ಣನೆಯ ಗಾಳಿಯೂ ಕಣ್ಣಮುಂದೆ ಬರುತ್ತವೆ. ವಾಸ್ತವವಾಗಿ ಅದು ಒಂದು ಪ್ರೋಗ್ರಾಮು, ಅಷ್ಟೆ. ಯಾವ ಕಂಪ್ಯೂಟರಿನಲ್ಲಿ ಅದನ್ನು ಓಡಿಸುತ್ತೇವೋ ಅದೇ ಸರ್ವರು. 1990ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಜಗತ್ತಿನ ಮೊತ್ತಮೊದಲ ವೆಬ್ ಸರ್ವರನ್ನು ನಡೆಸಿದ್ದೂ ತಾವು ಕೆಲಸಕ್ಕೆ ಬಳಸುತ್ತಿದ್ದ ಕಂಪ್ಯೂಟರಿನಲ್ಲಿಯೇ. ಯಾರಾದರೂ ಅರಿಯದೆ ಆರಿಸಿಬಿಟ್ಟಾರೆಂದು ಅದಕ್ಕೆ ಎಚ್ಚರಿಕೆಯ ಚೀಟಿಯನ್ನೂ ಅಂಟಿಸಿದ್ದರು. ಮನೆಯಲ್ಲಿ ಇಂಥ ಸಾಹಸ ಮಾಡುವುದು ನಮ್ಮ ನಾಡಿಗೂ ಹೊಸದಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಪ್ರಸಾರವನ್ನು ಆರಂಭಿಸಿದ್ದು ತಮ್ಮ ಮನೆಯಿಂದಲೇ. ಅವರ ದನಿ ಹೊರಗೆ ಕೇಳಬೇಕಾಗಿತ್ತು. ನಮ್ಮದು ಸದ್ಯಕ್ಕೆ ಹೊರಗೆ ಕೇಳಬಾರದು, ವ್ಯತ್ಯಾಸ ಅಷ್ಟೇ.

ಕೇಳುವವನೂ ಕೊಡುವವನೂ ಒಂದೇ ಯಂತ್ರದಲ್ಲಿದ್ದರೆ ಒಬ್ಬರನ್ನೊಬ್ಬರು ಹೇಗೆ ಕರೆಯಬೇಕು? ಅದಕ್ಕೆಂದೇ 127.0.0.1 ಎಂಬ ವಿಳಾಸವನ್ನು ಮೀಸಲಿಟ್ಟಿದ್ದಾರೆ. ಅದರ ಹೆಸರು ಲೋಕಲ್‌ಹೋಸ್ಟ್. ವ್ಯಾಕರಣದ ಮೇಷ್ಟರಾಗಿ ನಾನು ಇದನ್ನು ಉತ್ತಮಪುರುಷ ಸರ್ವನಾಮವೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ‘ನಾನು’ ಎಂಬ ಶಬ್ದವನ್ನು ಯಾರು ಉಚ್ಚರಿಸಿದರೋ ಅವರನ್ನೇ ಅದು ಸೂಚಿಸುವುದಲ್ಲವೆ? ಹಾಗೆಯೇ ಲೋಕಲ್‌ಹೋಸ್ಟ್ ಎಂದು ಯಾವ ಯಂತ್ರ ಹೇಳುತ್ತದೆಯೋ ಆ ಯಂತ್ರವೇ ಅದರ ಅರ್ಥ. ಈ ವಿಳಾಸಕ್ಕೆ ಹಾಕಿದ ಕಾಗದ ಮನೆಯ ಹೊಸ್ತಿಲು ದಾಟುವುದಿಲ್ಲ. ಇಂಟರ್ನೆಟ್ಟಿನ ತಂತಿಯನ್ನು ಕಿತ್ತಿಟ್ಟರೂ ಕೆಲಸ ನಡೆಯುತ್ತದೆ. ಈ ಸರ್ವನಾಮದ ಮಾತನ್ನು ವಾಚಕರು ನೆನಪಿಟ್ಟುಕೊಳ್ಳಬೇಕು, ಮುಂದೆ ಉಪಯೋಗಕ್ಕೆ ಬರುತ್ತದೆ.

ಬರಿಯ ಎಚ್‌ಟಿಎಂಎಲ್ ಪುಟವಾದರೆ ಅದರ ಮೇಲೆ ಎರಡು ಸಲ ಒತ್ತಿದರೂ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಆದರೆ ಇಂದಿನ ವೆಬ್‌ಸೈಟುಗಳಲ್ಲಿ ಅನೇಕವು ಪುಟಗಳನ್ನು ಸಿದ್ಧವಾಗಿ ಇಟ್ಟುಕೊಂಡಿರುವುದಿಲ್ಲ. ಹೋಟೆಲಿನಲ್ಲಿ ಆರ್ಡರು ಬಂದ ಮೇಲೆ ದೋಸೆ ಹುಯ್ಯುವಂತೆ, ಕೇಳಿದಾಗ ಕೋಶದಿಂದ ವಿಷಯವನ್ನು ತೆಗೆದು ಪುಟ ಕಟ್ಟಿ ಕೊಡುತ್ತವೆ. 2003ರಲ್ಲಿ ಬಂದ ವರ್ಡ್‌ಪ್ರೆಸ್ ಈ ಜಾತಿಯದು. ಶಾಲೆ, ಸಂಘಗಳು ಹೆಚ್ಚಾಗಿ ಹಿಡಿಯುವುದು ಇದನ್ನೇ. ಇದಕ್ಕೆ ಮೂರು ಬೇಕು: ಪುಟ ಬಡಿಸುವ ಸರ್ವರು, ಪುಟ ಕಟ್ಟುವ ಪಿಎಚ್‌ಪಿ ಭಾಷೆಯ ಯಂತ್ರಾಂಗ, ವಿಷಯವನ್ನಿಡುವ ದತ್ತಕೋಶ.

ಮೂರನ್ನೂ ಒಂದೇ ಕಟ್ಟಿನಲ್ಲಿ ಕೊಡುವ ಹಲವು ಪೊಟ್ಟಣಗಳುಂಟು. ನಾನು ಬಲ್ಲದ್ದು ಝ್ಯಾಂಪ್. ಅಪಾಚೆ ಫ್ರೆಂಡ್ಸ್ ಎಂಬ ಬಳಗದವರು 2002ರಿಂದ ಇದನ್ನು ಪುಕ್ಕಟೆಯಾಗಿ ಹಂಚುತ್ತ ಬಂದಿದ್ದಾರೆ. ಇದರಲ್ಲಿ ಸರ್ವರು ಅಪಾಚೆ; ದತ್ತಕೋಶ ಮೊದಲು ಮೈಎಸ್‌ಕ್ಯೂಎಲ್ ಇದ್ದದ್ದು 2015ರಿಂದ ಮರಿಯಾಡಿಬಿ ಆಯಿತು. ಈ ಎರಡು ಕೋಶಗಳೂ ಅಕ್ಕತಂಗಿಯರು: ಇವನ್ನು ಆರಂಭಿಸಿದ ಫಿನ್ಲೆಂಡಿನ ಮೈಕೇಲ್ ವಿಡೇನಿಯಸ್ ಅವರು ತಮ್ಮ ಹೆಣ್ಣುಮಕ್ಕಳಾದ ಮೈ ಮತ್ತು ಮರಿಯಾ ಇವರ ಹೆಸರನ್ನೇ ಇಟ್ಟರು. ಝ್ಯಾಂಪನ್ನು ವಿಂಡೋಸ್ ಕಂಪ್ಯೂಟರಿನಲ್ಲಿ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನಲ್ಲಿ ಹಾಕದೆ, ಅದು ತಾನೇ ಸೂಚಿಸುವಂತೆ ಸಿ ಡ್ರೈವಿನಲ್ಲಿ ಪ್ರತ್ಯೇಕವಾಗಿ ಹಾಕುವುದು ಲೇಸು. ಇಲ್ಲವಾದರೆ ಫೈಲು ಬರೆಯಲು ವಿಂಡೋಸ್ ಅಡ್ಡಿಮಾಡುತ್ತದೆ. ಹಾಕಿದ ಮೇಲೆ ನಿಯಂತ್ರಣ ಫಲಕದಲ್ಲಿ ಅಪಾಚೆ ಮತ್ತು ಮೈಎಸ್‌ಕ್ಯೂಎಲ್ ಎಂಬ ಸಾಲುಗಳಲ್ಲಿ ‘ಸ್ಟಾರ್ಟ್’ ಒತ್ತಬೇಕು. ಎರಡೂ ಹಸುರಾದರೆ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದು ಎಂಟರ್ ಒತ್ತಿ. ಸ್ವಾಗತದ ಪುಟ ಕಂಡರೆ ನಿಮ್ಮ ಕಂಪ್ಯೂಟರು ಸರ್ವರಾಯಿತು.

ಕೆಲವೊಮ್ಮೆ ಅಪಾಚೆ ಹಸುರಾಗದೆ ಮುನಿಸಿಕೊಳ್ಳುತ್ತದೆ. ಬಹುಮಟ್ಟಿಗೆ ಇದು ಬಾಗಿಲಿನ ಜಗಳ. ಒಂದು ಯಂತ್ರಕ್ಕೆ ಪೋರ್ಟುಗಳೆಂಬ 65,535 ಬಾಗಿಲುಗಳಿವೆ. ವೆಬ್ ಸರ್ವರು ರೂಢಿಯಾಗಿ 80ನೆಯದರಲ್ಲಿ ಕೂರುತ್ತದೆ. ವಿಂಡೋಸಿನದೇ ಇನ್ನೊಂದು ಸರ್ವರು ಅಲ್ಲಿ ಮೊದಲೇ ಕುಳಿತಿದ್ದರೆ ಅಪಾಚೆಗೆ ಜಾಗವಿಲ್ಲ. ಅಪಾಚೆಯ ವ್ಯವಸ್ಥಾ ಫೈಲಿನಲ್ಲಿ ‘ಲಿಸನ್ 80’ ಎಂದಿರುವುದನ್ನು 8080 ಎಂದು ತಿದ್ದಿ, ವಿಳಾಸದಲ್ಲಿ ಲೋಕಲ್‌ಹೋಸ್ಟ್ ಆದ ಮೇಲೆ ಒಂದು ವಿಸರ್ಗದಂತೆ ಎರಡು ಚುಕ್ಕೆಯಿಟ್ಟು 8080 ಎಂದು ಸೇರಿಸಿದರೆ ತೀರಿತು. ನಿಮ್ಮ ಪುಟಗಳನ್ನು ಇಡಬೇಕಾದದ್ದು ಝ್ಯಾಂಪಿನೊಳಗಿನ ಎಚ್‌ಟಿಡಾಕ್ಸ್ ಎಂಬ ಫೋಲ್ಡರಿನಲ್ಲಿ. ಅಲ್ಲಿ ‘ಶಾಲೆ’ ಎಂಬರ್ಥದ ಇಂಗ್ಲಿಷ್ ಲಿಪಿಯ ಹೆಸರಿನಿಂದ ಇನ್ನೊಂದು ಫೋಲ್ಡರು ಮಾಡಿಕೊಂಡರೆ, ಲೋಕಲ್‌ಹೋಸ್ಟ್‌ನ ಮುಂದೆ ಓರೆಗೆರೆ ಎಳೆದು ಆ ಹೆಸರು ಬರೆದಾಗ ನಿಮ್ಮ ವೆಬ್‌ಸೈಟು ಕಾಣುತ್ತದೆ.

ಇನ್ನು ಕನ್ನಡದ ವಿಚಾರ. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿಯನ್ನು ಕೊಟ್ಟಿದ್ದಾರೆ. ವೆಬ್‌ಸೈಟುಗಳಲ್ಲಿ ಅದನ್ನು ಬರೆದಿಡುವ ರೀತಿಗೆ ಯುಟಿಎಫ್-8 ಎಂದು ಹೆಸರು. ಅದರಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟು ಜಾಗ ಬೇಕು. ಆದರೆ ಮೈಎಸ್‌ಕ್ಯೂಎಲ್ ಕೋಶ 2018ರ 8.0ನೆಯ ಆವೃತ್ತಿ ಬರುವವರೆಗೂ, ಹೇಳದೆ ಬಿಟ್ಟರೆ, ಪಶ್ಚಿಮ ಯೂರೋಪಿನ ಲಿಪಿಗಾದ ಲ್ಯಾಟಿನ್-1 ಎಂಬ ಪದ್ಧತಿಯನ್ನೇ ಹಿಡಿಯುತ್ತಿತ್ತು. ಅದರಲ್ಲಿ ಕನ್ನಡಕ್ಕೆ ಸ್ಥಳವೇ ಇಲ್ಲ. ಸ್ಥಳವಿಲ್ಲದ ಅಕ್ಷರ ಬಂದರೆ ಕಟ್ಟುನಿಟ್ಟಾದ ಕೋಶ ‘ಆಗದು’ ಎಂದು ತಡೆಯುತ್ತದೆ. ಸಡಿಲಾದ ಕೋಶ ಅದರ ಬದಲು ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು ಸುಮ್ಮನಾಗುತ್ತದೆ. ಮೇಲೆ ಹೇಳಿದ ಶಾಲೆಯಲ್ಲಿ ಆದದ್ದು ಇದೇ. ಇಲ್ಲಿ ಒಂದು ಸೂಕ್ಷ್ಮವುಂಟು. ತಲೆಯ ಮೇಲೆ ಓರೆಗೀಟಿರುವ ಇಂಗ್ಲಿಷ್ ‘ಎ’ ಅಕ್ಷರ ಮತ್ತೆ ಮತ್ತೆ ಬರುವ ಗೋಜಲು ಕಂಡರೆ ಗಾಬರಿ ಬೇಡ; ಬೈಟುಗಳು ಕ್ಷೇಮವಾಗಿವೆ, ಓದುವ ಕ್ರಮ ತಪ್ಪಿದೆ, ಸರಿಪಡಿಸಬಹುದು. ಕೋಶದೊಳಗೇ ಪ್ರಶ್ನಾರ್ಥಕ ಚಿಹ್ನೆ ಕುಳಿತಿದ್ದರೆ ಅಕ್ಷರ ಹೋಯಿತೆಂದೇ ಅರ್ಥ. ಯಾವ ಪಂಡಿತನೂ ಅದನ್ನು ಪಾಠಶೋಧನೆ ಮಾಡಿ ಮರಳಿ ತರಲಾರ.

ಆದ್ದರಿಂದ ಕೋಶವನ್ನು ರಚಿಸುವಾಗಲೇ ಯುಟಿಎಫ್8ಎಂಬಿ4 ಎಂಬ ಪದ್ಧತಿಯನ್ನು ಆರಿಸಬೇಕು. ಆಮೇಲೆ ‘ಅಆಇಈ’ ಎಂದು ಬರೆದು ನೋಡಿ ತೃಪ್ತಿಪಡಬಾರದು. ಸ್ವಾತಂತ್ರ್ಯ, ಲಕ್ಷ್ಮಿ, ದುಃಖ, ಸೂರ್ಯ ಮುಂತಾದ ಗಟ್ಟಿ ಕಾಳುಗಳನ್ನೇ ಕಲ್ಲಿಗೆ ಹಾಕಬೇಕು. ‘ಸ್ವಾತಂತ್ರ್ಯ’ವನ್ನೇ ತೆಗೆದುಕೊಳ್ಳಿ. ಛಂದಸ್ಸಿನ ಲೆಕ್ಕಕ್ಕೆ ಇದು ಮೂರು ಅಕ್ಷರ. ಯೂನಿಕೋಡಿನ ಲೆಕ್ಕಕ್ಕೆ 11 ಸಂಕೇತ. ಬೈಟಿನ ಲೆಕ್ಕಕ್ಕೆ 33. ಇಂಗ್ಲಿಷನ್ನೇ ನೆನೆದು ಬರೆದ ಪ್ರೋಗ್ರಾಮೊಂದು ಶೀರ್ಷಿಕೆಯನ್ನು 20 ಬೈಟಿಗೆ ಕತ್ತರಿಸಿತೆನ್ನಿ. ‘ಸ್ವಾತಂ’ ಎಂಬ ಮೊಂಡು ಶಬ್ದವೂ ಅದರ ಬಾಲಕ್ಕೆ ಒಂದು ಕರಿಯ ವಜ್ರಾಕೃತಿಯೂ ಉಳಿಯುತ್ತವೆ. ಸಾಲುಗಳ ನಡುವಿನ ಜಾಗ ಇಂಗ್ಲಿಷಿನ ಅಳತೆಯದಾದರೆ ಒತ್ತಕ್ಷರದ ಕಾಲು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಹೆಸರುಗಳ ಪಟ್ಟಿಯಲ್ಲಿ ಇನ್ನೊಂದು ತೊಡಕು: ಯೂನಿಕೋಡಿನ ಸಂಖ್ಯೆಯಲ್ಲಿ ಳಕಾರವು ಲಕಾರ ವಕಾರಗಳ ನಡುವೆ ಕುಳಿತಿದೆ, ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ. ಬರಿಯ ಸಂಖ್ಯೆಯ ಪ್ರಕಾರ ಜೋಡಿಸಿದರೆ ‘ಕವಲು’ ಎಂಬುದಕ್ಕಿಂತ ‘ಕಳಸ’ ಮೊದಲು ಬರುತ್ತದೆ. ಕೋಶದಲ್ಲಿ ವಿಂಗಡಣೆಯ ಕ್ರಮಗಳು ಹಲವಿರುತ್ತವೆ. ಒಂದೊಂದನ್ನೂ ಹಚ್ಚಿ ಅಕಾರಾದಿಗೆ ಯಾವುದು ಹೊಂದುತ್ತದೆಂದು ನೋಡಲು ತಾಲೀಮಿನ ಕೊಠಡಿಯಲ್ಲಿ ಬೇಕಾದಷ್ಟು ಬಿಡುವುಂಟು.

ಮನೆಯ ವೈಫೈಗೆ ಸೇರಿದ ಮೊಬೈಲಿನಲ್ಲಿಯೂ ಪುಟವನ್ನು ನೋಡಬೇಕು, ಏಕೆಂದರೆ ಜನ ಓದುವುದು ಅದರಲ್ಲೇ. ಆದರೆ ಮೊಬೈಲಿನಲ್ಲಿ ಲೋಕಲ್‌ಹೋಸ್ಟ್ ಎಂದರೆ ಮೊಬೈಲೇ ಆಗುತ್ತದೆ. ಅಲ್ಲಿ ಕಂಪ್ಯೂಟರಿನ ಮನೆಯೊಳಗಿನ ವಿಳಾಸವನ್ನು, ಸಾಮಾನ್ಯವಾಗಿ 192.168 ಎಂದು ಆರಂಭವಾಗುವುದನ್ನು, ಬರೆಯಬೇಕು. ವಿಂಡೋಸ್ ಅನುಮತಿ ಕೇಳಿದರೆ ಖಾಸಗಿ ಜಾಲಕ್ಕೆ ಮಾತ್ರ ಕೊಡಿ. ಝ್ಯಾಂಪಿನ ಕೋಶಕ್ಕೆ ಆರಂಭದಲ್ಲಿ ಗುಪ್ತಪದವೇ ಇರುವುದಿಲ್ಲ. ಅದು ಮನೆಯೊಳಗಿನ ಸಲಕರಣೆ, ಬೀದಿಗೆ ಇಡತಕ್ಕದ್ದಲ್ಲ.

ಅಸಲು ಸರ್ವರಿಗೆ ಸಾಗಿಸುವಾಗ ಎರಡು ಕಡೆ ಕಾಲು ಜಾರುತ್ತದೆ. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳನ್ನು ಫೈಲಿನ ಹೆಸರಿನಲ್ಲಿ ವಿಂಡೋಸ್ ಒಂದೇ ಎಂದು ಬಗೆಯುತ್ತದೆ. ಹೊರಗಿನ ಸರ್ವರುಗಳಲ್ಲಿ ಹೆಚ್ಚಾಗಿರುವ ಲಿನಕ್ಸ್ ಬೇರೆ ಬೇರೆ ಎನ್ನುತ್ತದೆ. ದೊಡ್ಡಕ್ಷರವೇ ಇಲ್ಲದ ಲಿಪಿಯಲ್ಲಿ ಬೆಳೆದ ನಮಗೆ ಇದು ಕಣ್ಣಿಗೆ ಬೀಳುವುದಿಲ್ಲ. ಎಲ್ಲ ಹೆಸರುಗಳನ್ನೂ ಸಣ್ಣಕ್ಷರದಲ್ಲಿಟ್ಟರೆ ಗೊಡವೆಯಿಲ್ಲ. ಎರಡನೆಯದು ಆ ಸರ್ವನಾಮದ ಕಾಟ. ವರ್ಡ್‌ಪ್ರೆಸ್ ತನ್ನ ವಿಳಾಸವನ್ನು ಕೋಶದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದನ್ನು ತಿದ್ದದೆ ಸಾಗಿಸಿದರೆ ಚಿತ್ರಗಳೂ ಕೊಂಡಿಗಳೂ ಲೋಕಲ್‌ಹೋಸ್ಟ್‌ನತ್ತಲೇ ಕೈತೋರುತ್ತವೆ. ಮಾಡಿದವನ ಯಂತ್ರದಲ್ಲಿ ಝ್ಯಾಂಪ್ ನಡೆಯುತ್ತಿರುವುದರಿಂದ ಅವನಿಗೆ ಎಲ್ಲವೂ ಸೊಗಸಾಗಿಯೇ ಕಾಣುತ್ತದೆ. ಬೇರೆಯವರಿಗೆ ಮಾತ್ರ ಚಿತ್ರದ ಜಾಗದಲ್ಲಿ ಖಾಲಿ ಚೌಕ. ‘ನನಗೆ ಸರಿಯಾಗಿ ಕಾಣುತ್ತಿದೆಯಲ್ಲ’ ಎಂಬ ವಾದ ಹುಟ್ಟುವುದು ಇಲ್ಲಿಂದ.

ತಾಲೀಮಿನ ಪ್ರತಿಯಲ್ಲಿ ಹಳೆಯ ವಿದ್ಯಾರ್ಥಿಗಳ ನಿಜವಾದ ಫೋನು, ಈಮೇಲುಗಳು ಇರಕೂಡದು. ಪತ್ರ ಕಳುಹಿಸುವ ಏರ್ಪಾಡು ಅದರಲ್ಲಿ ಉಳಿದಿದ್ದರೆ, ನೀವು ಪರೀಕ್ಷೆಗೆಂದು ಒತ್ತಿದ ಗುಂಡಿಯಿಂದ ನೂರಾರು ಮನೆಗಳಿಗೆ ಪತ್ರ ಹೋದೀತು. ರಾಮ, ಸೋಮ ಎಂಬ ಕಲ್ಪಿತ ಹೆಸರುಗಳು ಸಾಕು. ಸಾಗಿಸುವ ಮುನ್ನ ಅಸಲು ಕೋಶದ ಪ್ರತಿಯೊಂದನ್ನು ಇಳಿಸಿಕೊಂಡು, ಅದನ್ನು ಮನೆಯ ಸರ್ವರಿಗೆ ಏರಿಸಿ, ಒಂದೆರಡು ಪದ್ಯಗಳನ್ನು ಒತ್ತಕ್ಷರ ಸಹಿತವಾಗಿ ಕಣ್ಣಾರೆ ಓದಿ ನೋಡಿ. ಸಾಗಿಸಿದ ಮೇಲೆ ಝ್ಯಾಂಪನ್ನು ನಿಲ್ಲಿಸಿ, ಪಕ್ಕದ ಮನೆಯವರ ಮೊಬೈಲಿನಲ್ಲಿ ಅವರದೇ ಇಂಟರ್ನೆಟ್ಟಿನಿಂದ ವೆಬ್‌ಸೈಟನ್ನು ತೆರೆಸಿ. ಅಲ್ಲಿಯೂ ಅದು ಸರಿಯಾಗಿ ಕಂಡಮೇಲೆ ಹಳೆಯ ಪ್ರತಿಯನ್ನು ಅಳಿಸುವ ಮಾತು.